ಮೊಗದ ಮೊಡವೆ, ಮನದ ಬೇನೆ



ಮೊಡವೆಯನ್ನು ಕುರಿತು ಬಾನುಲಿಯಲ್ಲಿ ಕಾಲು ಗಂಟೆ ಮಾತನಾಡುವುದಿದೆ ಎಂದಾಗ ನನ್ನ ಮನೆಯವರು ನಕ್ಕುಬಿಟ್ಟರು. "ಕ್ಷಯ, ಕುಷ್ಠ, ಸಕ್ಕರಿ ಬ್ಯಾನಿ ಎಲ್ಲಾ ಮುಗದು ಈಗ ಮೊಡವಿಗೆ ಬಂತೇನ್ರಿ ಪಾಳಿ?" ಎಂದು ಕೇಳಿದರು. ಅವರ ನಗೆಯಲ್ಲಿ ತಪ್ಪೇನಿಲ್ಲ. ಮೊಡವೆ ನಮ್ಮಲ್ಲಿ ನಗೆಯ ವಸ್ತು. ಹುಡುಗನ ಗಲ್ಲದ ಮೇಲೆ ನಾಲ್ಕು ಗುಳ್ಳೆ ಎದ್ದವೆಂದರೆ ಸೋದರಮಾವ ಚೇಷ್ಟೆಗೆ ನಿಲ್ಲುತ್ತಾನೆ. ಹುಡುಗಿಯ ಹಣೆಯ ಮೇಲೆ ಒಂದೆರಡು ಕಂಡರೆ ಓಣಿಯ ಹೆಂಗಸರು ಕಣ್ಣು ಮಿಟುಕಿಸುತ್ತಾರೆ. ಹರೆಯದ ಹತ್ತು ಜನರಲ್ಲಿ ಎಂಟು ಜನಕ್ಕೆ ಬಂದು ಹೋಗುವ ಸಂಗತಿ ಅದು.

ನಾನು ಹೇಳಹೊರಟಿರುವುದು ಆ ನಾಲ್ಕು ಗುಳ್ಳೆಗಳ ಮಾತನ್ನಲ್ಲ. ಗಲ್ಲ, ಗದ್ದ, ಕೊರಳು, ಬೆನ್ನಿನ ಮೇಲೆಲ್ಲ ಹಬ್ಬಿ, ಬಟಾಣಿಯಷ್ಟು ದಪ್ಪ ಗಂಟುಗಳಾಗಿ, ಒಡೆದು ಕೀವು ಸುರಿಸಿ, ಮಾಗಿದ ಮೇಲೂ ಸಿಡುಬಿನ ಕಲೆಯಂಥ ಕುಳಿಗಳನ್ನು ಉಳಿಸಿ ಹೋಗುವ ಉಗ್ರ ಮೊಡವೆಯ ಮಾತಿದು. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಈ ಭಾಗದಲ್ಲಿ ಚರ್ಮವೈದ್ಯನಾಗಿದ್ದೇನೆ. ವಾರದ ನಾಲ್ಕು ದಿನ ಬಾಗಲಕೋಟೆಯಲ್ಲಿ, ಮಂಗಳವಾರ ಬಾದಾಮಿಯಲ್ಲಿ, ಶುಕ್ರವಾರ ಮುಂಜಾನೆ ಹುನಗುಂದದಲ್ಲಿ, ಮಧ್ಯಾಹ್ನ ಇಳಕಲ್‌ನಲ್ಲಿ ರೋಗಿಗಳನ್ನು ನೋಡುತ್ತೇನೆ. ಈ ವಿಷಯ ಮಾತನಾಡಲು ನನಗೆ ಇನ್ನೂ ಒಂದು ಅರ್ಹತೆಯುಂಟು. ಬಾನುಲಿಯಾದ್ದರಿಂದ ನನ್ನ ದನಿ ಮಾತ್ರ ನಿಮಗೆ ಕೇಳುತ್ತಿದೆ, ಮುಖ ಕಾಣುತ್ತಿಲ್ಲ. ಕಂಡಿದ್ದರೆ ಆ ಅರ್ಹತೆಯನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

1977ರಲ್ಲಿ ನಾನು ಹಳೆಯ ಬಾಗಲಕೋಟೆಯಲ್ಲಿ ಪಿ.ಯು.ಸಿ. ಓದುತ್ತಿದ್ದೆ. ಹದಿನಾರನೆಯ ವಯಸ್ಸಿಗೆ ಶುರುವಾದ ಮೊಡವೆ ಒಂದೇ ವರ್ಷದಲ್ಲಿ ಮುಖವನ್ನೆಲ್ಲ ಆವರಿಸಿಕೊಂಡಿತ್ತು. ಬಲಗಲ್ಲ ಹೆಚ್ಚು ಕೆಟ್ಟಿತ್ತು, ಎಡಗಲ್ಲ ತುಸು ವಾಸಿ. ಬಲಗಲ್ಲ ಗೋಡೆಯ ಕಡೆಗಿರುವಂತೆ ಕೊನೆಯ ಬೆಂಚಿನ ತುದಿಯಲ್ಲಿ ಕೂಡುವುದು ನನಗೆ ರೂಢಿಯಾಯಿತು. ಊರಿಗೆ ಹೋಗುವಾಗ ಬಸ್ಸಿನಲ್ಲಿಯೂ ಅದೇ ಲೆಕ್ಕ: ಬಲಗಲ್ಲ ಕಿಟಕಿಗೆ ಬರುವ ಸೀಟು ಸಿಕ್ಕರೆ ಸರಿ, ಇಲ್ಲದಿದ್ದರೆ ಹುನಗುಂದದವರೆಗೂ ನಿಂತೇ ಹೋಗುವುದು. ಕ್ಷೌರದಂಗಡಿಯಲ್ಲಿ ಮೂರು ಕಡೆ ಕನ್ನಡಿ ಇರುತ್ತವೆಯೆಂದು ಎರಡು ತಿಂಗಳಿಗೊಮ್ಮೆ ಮಾತ್ರ, ಅದೂ ಕಣ್ಣು ಮುಚ್ಚಿಕೊಂಡು ಕೂಡುತ್ತಿದ್ದೆ. ಪಾಠ ಹೇಳುವ ಒಬ್ಬರು ಒಂದು ದಿನ ನಕಾಶೆಯಲ್ಲಿ ದಖ್ಖನ್ ಪ್ರಸ್ಥಭೂಮಿಯನ್ನು ತೋರಿಸುತ್ತ ನನ್ನ ಮುಖದ ಕಡೆ ಬೆರಳು ಮಾಡಿ ಒಂದು ಮಾತಾಡಿದರು. ಇಡೀ ತರಗತಿ ನಕ್ಕಿತು. ಅವರು ಒಳ್ಳೆಯವರೇ, ಸಂಜೆಯಷ್ಟೊತ್ತಿಗೆ ಆ ಮಾತನ್ನು ಮರೆತಿರಬೇಕು. ನನಗೆ ಮಾತ್ರ ಇಂದಿಗೂ ಆ ನಕಾಶೆಯ ಬಣ್ಣ ನೆನಪಿದೆ.

ವರ್ಷಾಂತ್ಯದಲ್ಲಿ ಗುಂಪಿನ ಫೋಟೋ ತೆಗೆಯುವ ದಿನ, ನೀರು ಕುಡಿದು ಬರುತ್ತೇನೆಂದು ಹೇಳಿ ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಈಚೆಗೆ ಗೆಳೆಯನೊಬ್ಬನ ಮನೆಯ ಗೋಡೆಯ ಮೇಲೆ ಆ ಫೋಟೋ ನೋಡಿದೆ. ಕೆಳಗೆ ಹೆಸರುಗಳ ಸಾಲು, ಸಾಲಿನ ಕೊನೆಗೆ 'ಗೈರುಹಾಜರು' ಎಂದು ಬರೆದು ಮುಂದೆ ನನ್ನೊಬ್ಬನ ಹೆಸರು. ಆ ಕಾಲೇಜು ದಿನಗಳ ಚಿತ್ರ ನನ್ನ ಬಳಿ ಒಂದೂ ಇಲ್ಲ. ನಾವು ಓಡಾಡಿದ ಓಣಿಗಳೂ ಎಷ್ಟೋ ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿವೆ.

ಇರಲಿ, ಮೊಡವೆ ಏಳುವುದು ಹೇಗೆಂಬುದನ್ನು ಚುಟುಕಾಗಿ ಹೇಳುತ್ತೇನೆ. ರೋಮದ ಬುಡದಲ್ಲಿ ಜಿಡ್ಡನ್ನು ಸ್ರವಿಸುವ ಚಿಕ್ಕ ಗ್ರಂಥಿಯೊಂದಿರುತ್ತದೆ. ಹರೆಯದಲ್ಲಿ ಆಂಡ್ರೋಜನ್ ಎಂಬ ಹಾರ್ಮೋನುಗಳು ಗಂಡು ಹೆಣ್ಣು ಇಬ್ಬರಲ್ಲಿಯೂ ಏರಿದಾಗ ಈ ಗ್ರಂಥಿ ಹಿಗ್ಗಿ ಜಿಡ್ಡು ಹೆಚ್ಚುತ್ತದೆ. ರಂಧ್ರದ ಒಳಗೋಡೆಯ ಸತ್ತ ಕೋಶಗಳು ಉದುರದೆ ಅಂಟಿಕೊಂಡು ಬಿರಡೆಯಾಗುತ್ತವೆ. ಆ ಬಿರಡೆಯ ಹಿಂದೆ, ಚರ್ಮದಲ್ಲಿ ಎಂದಿನಿಂದಲೂ ವಾಸವಾಗಿರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣು ಬೆಳೆಯುತ್ತದೆ. ದೇಹ ಅದರ ಮೇಲೆ ಯುದ್ಧ ಹೂಡುತ್ತದೆ. ಕೆಂಪು, ಬಾವು, ಕೀವು ಎಲ್ಲ ಆ ಯುದ್ಧದ ಗುರುತುಗಳು. ಇದರಲ್ಲಿ ಕೊಳೆಯ ಪಾತ್ರವಿಲ್ಲ. ರಂಧ್ರದ ತುದಿಯಲ್ಲಿ ಕಾಣುವ ಕಪ್ಪು ಚುಕ್ಕೆ ಕೂಡ ಧೂಳಲ್ಲ. ಆದರೂ "ಮಾರಿ ಚಂದಗೆ ತೊಳಕೋ" ಎಂಬ ಉಪದೇಶ ಮೊದಲು ಬರುತ್ತದೆ. ದಿನಕ್ಕೆ ಹತ್ತು ಸಲ ಸೋಪು ಹಚ್ಚಿ ಉಜ್ಜಿ ಮುಖವನ್ನು ಗಾಯ ಮಾಡಿಕೊಂಡವರನ್ನು ನಾನು ಬಲ್ಲೆ. ತಾನು ಹೊಲಸನೆಂಬ ಭಾವನೆ ಮನಸ್ಸಿನಲ್ಲಿ ಊರುವುದೂ ಅಲ್ಲಿಂದಲೇ.

ಇಳಕಲ್‌ನ ಒಬ್ಬ ಹುಡುಗಿಯ ಸಂಗತಿ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನೇಕಾರರ ಮನೆ. ಇಳಕಲ್ ಸೀರೆಯ ವೈಶಿಷ್ಟ್ಯ ನಿಮಗೆ ಗೊತ್ತೇ ಇದೆ: ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ, ಕೆಂಪು ರೇಷ್ಮೆಯ ಸೆರಗಿನಲ್ಲಿ ತೋಪು ತೆನೆ ಮೂಡುತ್ತದೆ. ಹತ್ತೊಂಬತ್ತರ ಆ ಹುಡುಗಿ ಮಗ್ಗದ ಕೆಲಸದಲ್ಲಿ ಬಲು ಚುರುಕು. ಕಾಲೇಜು ಬಿಟ್ಟು ಎರಡು ವರ್ಷವಾಗಿತ್ತು. ಯಾಕೆ ಬಿಟ್ಟಳೆಂದು ಕೇಳಿದರೆ ಮನೆಯವರೆಲ್ಲ "ಮಗ್ಗದ ಕೆಲಸ ಜಾಸ್ತಿ ಇತ್ರಿ" ಎಂದರು. ತಾಯಿ ಹೊರಗೆ ಹೋದ ಮೇಲೆ ಅವಳು ತಲೆಯ ಮೇಲಿನ ಸೆರಗನ್ನು ತುಸು ಸರಿಸಿ ಹೇಳಿದಳು: "ಮಗ್ಗದ ಕುಣ್ಯಾಗ ಕುಂತ್ರ ಯಾರೂ ನೋಡಂಗಿಲ್ರಿ ಸಾಹೇಬ್ರ. ಅದಕ್ಕ ಬಿಟ್ಟೆ."

ಅವಳನ್ನು ನನ್ನ ಬಳಿ ಕರೆತಂದದ್ದು ಮೊಡವೆಗಾಗಿ ಅಲ್ಲ, ಮುಖ ಉರಿಯುತ್ತದೆ ಎಂಬ ಕಾರಣಕ್ಕೆ. ಕನ್ಯೆ ನೋಡಲು ಎರಡು ಕಡೆಯವರು ಬಂದು ಹೋಗಿದ್ದರು. ಎರಡನೆಯ ಸಲ ಬಂದ ಹೆಂಗಸೊಬ್ಬಳು "ಇದು ಮೈಮ್ಯಾಗೂ ಅದ ಏನು?" ಎಂದು ಅವಳೆದುರಿಗೇ ತಾಯಿಯನ್ನು ಕೇಳಿದ್ದಳಂತೆ. ಆಮೇಲೆ ಯಾರೋ ಹೇಳಿದರೆಂದು ಒಂದು ಮುಲಾಮು ತಂದು ಹಚ್ಚಿದರು. ಎಂಟು ದಿನದಲ್ಲಿ ಮುಖ ಹಾಲಿನ ಕೆನೆಯಂತೆ ತಿಳಿಯಾಯಿತು, ಬಣ್ಣವೂ ತೆರೆಯಿತು. ಮನೆಯಲ್ಲಿ ಹೋಳಿಗೆ ಮಾಡಿದರಂತೆ! ಮೂರು ತಿಂಗಳಾಗುವಷ್ಟರಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಕೆಂಪು ನರಗಳು ಎದ್ದು, ಮೊದಲಿಗಿಂತ ದುಪ್ಪಟ್ಟು ಗುಳ್ಳೆಗಳು ಬಂದವು. ಮುಲಾಮು ಬಿಟ್ಟರೆ ಎರಡೇ ದಿನಕ್ಕೆ ಬೆಂಕಿಯಂಥ ಉರಿ. ಮತ್ತೆ ಹಚ್ಚಿದರೆ ತಣ್ಣಗೆ. ಶ್ರೋತೃಗಳೇ, ಆ ಮುಲಾಮಿನಲ್ಲಿ ಇದ್ದದ್ದು ಪ್ರಬಲವಾದ ಸ್ಟೀರಾಯ್ಡ್. ವೈದ್ಯರ ಚೀಟಿಯ ಮೇಲೆ, ತಕ್ಕ ರೋಗಕ್ಕೆ, ತಕ್ಕಷ್ಟು ದಿನ ಬಳಸಿದರೆ ಅದು ಅಮೃತ. ಮೊಡವೆಯ ಮುಖಕ್ಕೆ ಅದು ಸಾಲ ಕೊಡುವ ಸಾಹುಕಾರ. ನಮ್ಮ ದೇಶದ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರಕಾರ ಇಂಥ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ನಿಜ. ಅಂಗಡಿಯ ಗಲ್ಲೆಯ ಮೇಲೆ ಟ್ಯೂಬು ಇನ್ನೂ ಸಿಗುತ್ತಿರುವುದೂ ನಿಜ.

ಇಳಕಲ್ ಎಂದರೆ ಮಹಾಂತ ಜೋಳಿಗೆಯ ಊರು. ಅಲ್ಲಿಯ ಮಠದ ಮಹಾಂತ ಸ್ವಾಮಿಗಳು 1975ರಿಂದ ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಕುಡಿತ ಬಿಟ್ಟವರು, ತಂಬಾಕು ಬಿಟ್ಟವರು ಅದರೊಳಗೆ ಹಾಕಿ ಹೋದದ್ದಕ್ಕೆ ಲೆಕ್ಕವಿಲ್ಲ. ಈ ಹುಡುಗಿಯ ಅಜ್ಜನೂ ನಶ್ಯದ ಡಬ್ಬಿಯನ್ನು ಅದರಲ್ಲಿಯೇ ಹಾಕಿದವನಂತೆ. ಆ ಅಜ್ಜ ನನ್ನೆದುರು ಕೂತು ಮೊಮ್ಮಗಳಿಗೆ ಹೇಳಿದ: "ಯವ್ವಾ, ನಾ ನಶ್ಯ ಬಿಟ್ಟಾಗ ಹದಿನೈದ ದಿನ ತಲಿ ಕೆಟ್ಟಿತ್ತು. ನಿಂದೂ ಹಂಗ ಅಂತ ತಿಳಕೋ. ಕೊಡು ಇಲ್ಲೆ ಆ ಟ್ಯೂಬು." ನಾನು ಅರ್ಧ ಗಂಟೆ ಹೇಳಬೇಕೆಂದಿದ್ದುದನ್ನು ಆತ ಒಂದೇ ಮಾತಿನಲ್ಲಿ ಮುಗಿಸಿದ. ಹದಿನೈದು ದಿನವಲ್ಲ, ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ಅವಳಿಗೆ ಬೇಕಾದದ್ದು ಔಷಧಿಗಿಂತ ಹೆಚ್ಚಾಗಿ, ಪ್ರತಿ ಶುಕ್ರವಾರ ಬಂದು ಅಳಲು ಒಂದು ಕುರ್ಚಿ.

ಮೊಡವೆಗೂ ಮನಸ್ಸಿಗೂ ಇರುವ ನಂಟನ್ನು ವೈದ್ಯಲೋಕ ತಡವಾಗಿಯಾದರೂ ತೂಕ ಹಾಕಿ ನೋಡಿದೆ. ಅಮೆರಿಕದ ಪ್ರಸಿದ್ಧ ಚರ್ಮವೈದ್ಯ ಮೇರಿಯನ್ ಸುಲ್ಜ್‌ಬರ್ಗರ್ ಅವರು 1948ರಷ್ಟು ಹಿಂದೆಯೇ, ಮೊಡವೆಯಷ್ಟು ಮಾನಸಿಕ ಯಾತನೆ ಕೊಡುವ ಇನ್ನೊಂದು ರೋಗ ಬಹುಶಃ ಇಲ್ಲವೆಂಬ ಅರ್ಥದ ಮಾತು ಬರೆದಿದ್ದರು. ಆಗ ಅದು ಅತಿಶಯೋಕ್ತಿಯೆಂದು ಕಂಡಿರಬೇಕು. 1999ರಲ್ಲಿ ಇಂಗ್ಲೆಂಡಿನ ಕೆಲವು ವೈದ್ಯರು ಮೊಡವೆಯ ರೋಗಿಗಳಿಗೂ ದಮ್ಮು, ಮೂರ್ಛೆರೋಗ, ಮಧುಮೇಹ, ಸಂಧಿವಾತದ ರೋಗಿಗಳಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ ನೋಡಿದರು. ಬೇನೆಯಿಂದ ಮನಸ್ಸಿಗೆ, ಜನರೊಡನೆ ಬೆರೆಯುವುದಕ್ಕೆ ಆಗುವ ತೊಂದರೆಯಲ್ಲಿ ಮೊಡವೆಯವರು ಉಳಿದವರಿಗಿಂತ ಹಿಂದೆ ಬಿದ್ದಿರಲಿಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಇನ್ನೊಂದು ದೊಡ್ಡ ಅಧ್ಯಯನದ ಪ್ರಕಾರ, ಮೊಡವೆಯೆಂದು ವೈದ್ಯರು ಗುರುತಿಸಿದ ಮೊದಲ ವರ್ಷದಲ್ಲಿ ತೀವ್ರ ಖಿನ್ನತೆಯ ಅಪಾಯ ಉಳಿದವರಿಗಿಂತ ಸುಮಾರು 63 ಪ್ರತಿಶತ ಹೆಚ್ಚು. ಮೊದಲ ವರ್ಷ ಎಂಬುದನ್ನು ಗಮನಿಸಿ. 'ನಾಲ್ಕು ವರ್ಷ ಹೋದ್ರ ತಾನ ಹೋಗತೈತಿ' ಎಂದು ನಾವು ಕಾಯುವ ಹೊತ್ತಿನಲ್ಲಿಯೇ ಮನಸ್ಸು ಕುಸಿಯುತ್ತಿರುತ್ತದೆ.

ಇನ್ನು ತದ್ವಿರುದ್ಧ ದಿಕ್ಕಿನ ದಾರಿ. ಮೊಡವೆಯಿಂದ ಮನಸ್ಸು ಕೆಡುವಂತೆ, ಮನಸ್ಸು ಕೆಟ್ಟರೆ ಮೊಡವೆ ಏಳುವುದೂ ಉಂಟು. 2003ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 22 ವಿದ್ಯಾರ್ಥಿಗಳ ಮೊಡವೆಯನ್ನು ಪರೀಕ್ಷೆಯಿಲ್ಲದ ದಿನಗಳಲ್ಲೊಮ್ಮೆ, ಪರೀಕ್ಷೆಯ ದಿನಗಳಲ್ಲೊಮ್ಮೆ ಅಳೆದು ನೋಡಿದರು. ಯಾರಲ್ಲಿ ಒತ್ತಡ ಹೆಚ್ಚಿತೋ ಅವರಲ್ಲಿ ಮೊಡವೆಯೂ ಉಲ್ಬಣಿಸಿತ್ತು. ಆತಂಕದ ಹೊತ್ತಿನಲ್ಲಿ ಮೆದುಳು ಹೊರಡಿಸುವ ಸಿ.ಆರ್.ಎಚ್. ಎಂಬ ಹಾರ್ಮೋನಿಗೆ ಓಗೊಡುವ ಗ್ರಾಹಕಗಳು ಚರ್ಮದ ಜಿಡ್ಡಿನ ಗ್ರಂಥಿಯಲ್ಲಿಯೂ ಇವೆಯೆಂದು ಈಗ ತಿಳಿದಿದೆ. ಇಪ್ಪತ್ತೆರಡು ಜನರ ಲೆಕ್ಕ ಸಣ್ಣದೇ. ಆದರೆ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ನನ್ನ ಹೊರಗಿನ ಬೆಂಚಿನ ಮೇಲೆ ಕೂಡುವವರ ಸಾಲು ನೋಡಿದರೆ ಅದನ್ನು ನಂಬಲು ನನಗೇನೂ ಕಷ್ಟವಾಗದು.

ಹರೆಯದವರಷ್ಟೇ ಅಲ್ಲ. ಬಾಗಲಕೋಟೆ ಮುಳುಗಡೆಯಾಗಿ ಜನ ನವನಗರಕ್ಕೆ ಎದ್ದು ಹೋಗುತ್ತಿದ್ದ ವರ್ಷಗಳಲ್ಲಿ, ಮೂವತ್ತು ದಾಟಿದ ಹೆಂಗಸರು ಕೆಲವರು ಹೊಸದಾಗಿ ಗದ್ದದ ಮೇಲೆ ಗಂಟುಮೊಡವೆ ಎದ್ದಿವೆಯೆಂದು ಬರುತ್ತಿದ್ದರು. ಒಬ್ಬಾಕೆ, ಮನೆಯನ್ನು ಅಳೆಯಲು ಸಿಬ್ಬಂದಿ ಬಂದು ಹೋದ ವಾರದಿಂದಲೇ ಶುರುವಾಯಿತೆಂದಳು. ನಡುವಯಸ್ಸಿನ ಮೊಡವೆಗೆ ಅಂಡಾಶಯದ ತೊಂದರೆ ಮೊದಲಾದ ಬೇರೆ ಕಾರಣಗಳೂ ಇರುತ್ತವೆ. ಎಲ್ಲವನ್ನೂ ನದಿಯ ತಲೆಗೆ ಕಟ್ಟುವುದು ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಆದರೂ ಆಕೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ: "ಮನಿ ಗ್ವಾಡಿಗೆ ಅವರು ನಂಬರ್ ಬರದ್ರು, ನನ್ನ ಮಾರಿ ಮ್ಯಾಲೆ ಇವು ಬರದುವು."

ಪಥ್ಯದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ದಬ್ಬಾಳಿಕೆಯ ಬಗ್ಗೆ ಒಂದು ಮಾತು. ಶೇಂಗಾ ತಿನ್ನಬೇಡ, ಬದನೆಕಾಯಿ ಮುಟ್ಟಬೇಡ, ಕರಿದದ್ದು ಕಂಡರೆ ಕಣ್ಣು ಮುಚ್ಚು. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸುತ್ತ ಬಂದ ಶೇಂಗಾ ಹೋಳಿಗೆ ಒಂದು ಎಲೆಯನ್ನು ದಾಟಿ ಮುಂದೆ ಹೋಗುತ್ತದೆ. ಆ ಎಲೆಯ ಮುಂದೆ ಕೂತವನ ಮುಖ ನೋಡಿದ್ದೀರಾ? ಸಕ್ಕರೆಯ ತಿನಿಸು, ರಕ್ತದಲ್ಲಿ ಸಕ್ಕರೆಯನ್ನು ಥಟ್ಟನೆ ಏರಿಸುವ ಆಹಾರ ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತವೆಂಬುದಕ್ಕೆ ತಕ್ಕಮಟ್ಟಿನ ಆಧಾರವಿದೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ತರುಣರಿಗೆ ಹನ್ನೆರಡು ವಾರ ಅಂಥ ಆಹಾರ ಕಡಿಮೆ ಮಾಡಿಸಿ ನೋಡಿದಾಗ ಗುಳ್ಳೆಗಳು ಇಳಿದಿದ್ದವು. ಆದರೆ ಇಡೀ ಮನೆಯೆದುರು ಒಬ್ಬನ ಎಲೆಯನ್ನು ದಾಟಿಸುವುದು ಪಥ್ಯವಲ್ಲ, ಶಿಕ್ಷೆ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ ಎಂಬುದನ್ನು ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಸುಣ್ಣ, ಟೂತ್‌ಪೇಸ್ಟು, ನಿಂಬೆರಸ ಹಚ್ಚಿ ಸುಟ್ಟುಕೊಂಡು ಬಂದವರ ಕಥೆಗೆ ಸಮಯ ಸಾಲದು.

ಉಗ್ರ ಮೊಡವೆಗೆ ಈಗ ಮದ್ದಿದೆ. ನನ್ನ ಕಾಲಕ್ಕೆ ಇರಲಿಲ್ಲವೆಂದೇ ಹೇಳಬೇಕು. ಐಸೊಟ್ರೆಟಿನಾಯಿನ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ಗಂಟುಮೊಡವೆಗೆ ಅದಕ್ಕಿಂತ ಮಿಗಿಲಾದ ಔಷಧಿ ಇಂದಿಗೂ ಇಲ್ಲ. ಆದರೆ ಗರ್ಭಿಣಿಯರು ತೆಗೆದುಕೊಂಡರೆ ಶಿಶುವಿಗೆ ಘೋರ ಅಂಗವೈಕಲ್ಯ ತರುತ್ತದೆ. ಆದ್ದರಿಂದ ಮದುವೆಯ ಮಾತು ನಡೆದಿರುವ ಹುಡುಗಿಗೆ ಅದನ್ನು ಕೊಡುವಾಗ ನಾನು ತಾಯಿಯನ್ನೂ ಅವಳನ್ನೂ ಬೇರೆ ಬೇರೆಯಾಗಿ ಕೂಡಿಸಿ ಎರಡೆರಡು ಸಲ ಹೇಳುತ್ತೇನೆ. ಅದು ಮನಸ್ಸನ್ನು ಕೆಡಿಸುತ್ತದೆಂಬ ಆಪಾದನೆಯೂ ಇದೆ. 2010ರಲ್ಲಿ ಸ್ವೀಡನ್ನಿನ ವೈದ್ಯರು ಆ ಗುಳಿಗೆ ಪಡೆದ 5,756 ಜನರ ದಾಖಲೆಗಳನ್ನು ತಿರುವಿ ಹಾಕಿದರು. ಆತ್ಮಹತ್ಯೆಯ ಪ್ರಯತ್ನಗಳು ಔಷಧಿ ಆರಂಭಿಸುವ ಮೊದಲೇ, ಮೊಡವೆ ಉಗ್ರವಾಗಿದ್ದ ದಿನಗಳಲ್ಲಿಯೇ ಏರತೊಡಗಿದ್ದುವು. ಹಾಗೆಂದು ಔಷಧಿಯನ್ನು ಪೂರ್ತಿ ನಿರ್ದೋಷಿಯೆನ್ನಲಾಗದು; ಅದನ್ನು ನುಂಗುವವರ ಮೇಲೆ ಮನೆಯವರೂ ವೈದ್ಯರೂ ಕಣ್ಣಿಡಲೇಬೇಕು. ಸಾಧಾರಣ ಮೊಡವೆಗೆ ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಮುಂತಾದ ಲೇಪಗಳು ಸಾಕು. ಯಾವುದಕ್ಕೂ ಆರೆಂಟು ವಾರ ಹಿಡಿಯುತ್ತದೆ. ಎಂಟು ದಿನದಲ್ಲಿ ಗುಣ ಕಂಡರೆ ನನಗೆ ಟ್ಯೂಬಿನ ಮೇಲೆಯೇ ಸಂಶಯ.

ಆತ್ಮಹತ್ಯೆಯ ಮಾತು ಬಂತು. ಮೊಡವೆಗಾಗಿ ಯಾರಾದರೂ ಜೀವ ಕಳೆದುಕೊಳ್ಳುತ್ತಾರೆಯೇ ಎಂದು ಕೇಳುವವರಿದ್ದಾರೆ. ಬಾದಾಮಿ ತಾಲೂಕಿನ ಹಳ್ಳಿಯೊಂದರಿಂದ ಕಳೆದ ಚಳಿಗಾಲದಲ್ಲಿ ಒಬ್ಬ ಹುಡುಗ ಬಂದಿದ್ದ. ಎರಡನೆಯ ಪಿ.ಯು.ಸಿ. ಜೊತೆಯಲ್ಲಿ ಬಂದವನು ಕಾಕ. ಹುಡುಗ ಬಾಯಿಬಿಡಲೊಲ್ಲ. ಕಾಕನೇ ಹೇಳಿದ: ಬನಶಂಕರಿ ಜಾತ್ರೆಗೆ ಎಲ್ಲರೂ ಹೋದಾಗ ಇವನೊಬ್ಬ ಮನೆಯಲ್ಲಿ ಉಳಿದ, ನಾಟಕಕ್ಕೂ ಬರಲಿಲ್ಲ, ಮನೆಯ ಕನ್ನಡಿಗೆ ಟವೆಲ್ಲು ಹಾಕಿ ಮುಚ್ಚಿದ್ದಾನೆ, ರಾತ್ರಿಯೆಲ್ಲ ಉಗುರಿನಿಂದ ಮುಖ ಕೆರೆಯುತ್ತಾನೆ. "ಗಂಡಸ ಮಗಾ, ಮಾರಿಗೆ ಅಳತಾನ್ರಿ," ಎಂದು ಕಾಕ ನಕ್ಕ. ನಾನು ಕಾಕನನ್ನು ಚಹಾ ಕುಡಿದು ಬರಲು ಕಳಿಸಿದೆ. ನನ್ನ ಕುರ್ಚಿಯನ್ನು ಬೆಳಕಿನ ಕಡೆಗೆ ತಿರುಗಿಸಿಕೊಂಡು ಕೂತೆ. ಬಲಗಲ್ಲ ಅವನ ಕಡೆಗೆ.

ಬಹಳ ಹೊತ್ತು ನೋಡಿದ. ಆಮೇಲೆ "ನಿಮಗೂ ಆಗಿತ್ತೇನ್ರಿ ಸರ?" ಎಂದ. ಆಗಿತ್ತು ಎಂದೆ. "ಹೆಂಗ ಕಳದ್ರಿ?" ಎಂದ. ಹೇಗೆ ಕಳೆದೆನೆಂದು ನಿಜವಾಗಿ ನನಗೂ ಗೊತ್ತಿಲ್ಲ, ಅದನ್ನೇ ಹೇಳಿದೆ. ಸಾಯಬೇಕು ಅನಿಸಿದ್ದುಂಟೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ಹಾಕಿದಂತಾಗುತ್ತದೆಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ, ಕೇಳಿದಾಗ ಎದೆಯ ಭಾರ ಇಳಿಯುತ್ತದೆ. ಅವನು ತಲೆಯಾಡಿಸಿದ. ಅಗಸ್ತ್ಯತೀರ್ಥದ ದಂಡೆಗೆ ಎರಡು ಸಲ ಹೋಗಿ ಬಂದಿದ್ದನಂತೆ. ಕಾಕ ಚಹಾ ಕುಡಿದು ಬಂದ ಮೇಲೆ, ಹುಡುಗನ ಒಪ್ಪಿಗೆ ಪಡೆದು, ಆ ಮಾತನ್ನು ಅವನಿಗೆ ಹೇಳಿದೆ. ನಗುತ್ತ ಬಂದವನು ಗೋಡೆ ಹಿಡಿದು ಕೂತುಬಿಟ್ಟ. ಅಂದೇ ಬಾಗಲಕೋಟೆಯ ಮನೋವೈದ್ಯರಿಗೆ ಫೋನು ಮಾಡಿ, ಅದೇ ಸಂಜೆ ಇಬ್ಬರನ್ನೂ ಅಲ್ಲಿಗೆ ಕಳಿಸಿದೆ. ಕೇಳುತ್ತಿರುವವರಲ್ಲಿ ಯಾರಿಗಾದರೂ ಇಂಥ ವಿಚಾರ ಬಂದಿದ್ದರೆ 14416 ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸೇವೆಯದು. ಹಗಲಿರುಳು ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.

ಹುಡುಗನಿಗೆ ಗುಳಿಗೆ ಶುರುಮಾಡಿ ಈಗ ನಾಲ್ಕು ತಿಂಗಳು. ಗಂಟುಗಳು ಇಳಿದಿವೆ, ತುಟಿ ಒಣಗಿ ಬಿರುಕು ಬಿಟ್ಟಿವೆ, ಕಲೆಗಳು ಉಳಿದಿವೆ. ಪರೀಕ್ಷೆಗೆ ಕೂತ, ಒಂದು ವಿಷಯ ಹೋಗಿದೆ. ಮನೋವೈದ್ಯರಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ಹಾಲ್ ಟಿಕೀಟಿಗೆ ಫೋಟೋ ಬೇಕಾಗಿತ್ತಂತೆ, ಬಾದಾಮಿಯ ಸ್ಟುಡಿಯೋದವನು ಕಲೆಗಳನ್ನೆಲ್ಲ ಅಳಿಸಿ ಕೊಟ್ಟನಂತೆ. "ಯಾರ ಮಾರಿನೋ ಅಂದ್ಕೊಂಡೆ ಸರ," ಎಂದು ಕಳೆದ ಸಲ ಬಂದಾಗ ಹೇಳಿದ. ಹೇಳುತ್ತ ಅವನು ತುಸು ನಕ್ಕದ್ದನ್ನು ನಾನು ಚೀಟಿಯ ಮೂಲೆಯಲ್ಲಿ ಬರೆದುಕೊಂಡಿದ್ದೇನೆ. ಕಾಕ ಮನೆಯ ಕನ್ನಡಿಯ ಮೇಲಿನ ಟವೆಲ್ಲನ್ನು ತೆಗೆಯಲೇ ಎಂದು ಕೇಳಿದ. ಅವನೇ ತೆಗೆಯಲಿ, ನೀವು ಕೈ ಹಚ್ಚಬೇಡಿರಿ ಎಂದಿದ್ದೇನೆ. ಮುಂದಿನ ಮಂಗಳವಾರ ಬರುತ್ತಾನೆ.